ಮಿಸ್ ಎಡ್ನಾ ಅವರ ನಾಲ್ಕು ಮೆಟ್ಟಿಲು

ಹೋದ ತಿಂಗಳು ಷಾರ್ಲೆಟ್‌ನಿಂದ ಗೆಳೆಯರ ಕುಟುಂಬವೊಂದರ ಜೊತೆ ಸಮುದ್ರ ನೋಡಲು ಹೊರಟಿದ್ದೆವು. ದಕ್ಷಿಣ ಕೆರೊಲಿನಾದ ಕರಾವಳಿ ಹತ್ತಿರವಾಗುತ್ತಿದ್ದಂತೆ ರಸ್ತೆಯ ಎರಡೂ ಬದಿಗೆ ಜವುಗು ಶುರುವಾಗುತ್ತದೆ. ಎದೆಯೆತ್ತರದ ಹುಲ್ಲು, ಅದರ ನಡುವೆ ಸುತ್ತಿ ಬಳಸಿ ಹರಿಯುವ ಉಪ್ಪುನೀರಿನ ಕಾಲುವೆಗಳು. ನೀರು ಇಳಿದಿದ್ದ ಹೊತ್ತು. ಹಿಂದಿನ ಸೀಟಿನಲ್ಲಿದ್ದ ಗೆಳೆಯರ ಮಗಳು ಕಿಟಕಿ ಇಳಿಸಿದ್ದೇ ತಡ, ಕಪ್ಪು ಕೆಸರಿನ ವಾಸನೆ ಕಾರಿನೊಳಗೆ ತುಂಬಿಕೊಂಡಿತು. ಕೊಳೆತ ಹುಲ್ಲು, ಉಪ್ಪು, ಸತ್ತ ಸಿಂಪಿ ಎಲ್ಲ ಸೇರಿದ ವಾಸನೆ ಅದು. ಮಗು 'ಇಟ್ ಸ್ಟಿಂಕ್ಸ್' ಎಂದು ಮೂಗು ಮುಚ್ಚಿಕೊಂಡಿತು. ಕಾರು ಓಡಿಸುತ್ತಿದ್ದ ನನ್ನ ಗಂಡ ಹರೀಶ ತನ್ನ ಕಡೆಯ ಬಟನ್ ಒತ್ತಿ ಆ ಕಿಟಕಿಯನ್ನು ಏರಿಸಿದ. ಎಡಕ್ಕೆ ತಿರುಗಿದರೆ ಒಂದು ಸೇತುವೆ, ಸೇತುವೆಯ ಆಚೆ ಒಂದು ದ್ವೀಪ ಇದೆಯೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವು ನೇರಕ್ಕೆ ಹೋದೆವು.

ಆ ದ್ವೀಪದಲ್ಲಿ ನಾನು ಒಂದು ಬೇಸಿಗೆ ಕಳೆದಿದ್ದೇನೆ. ಮೇ ತಿಂಗಳಲ್ಲಿ ಹೋದವಳು ಸೆಪ್ಟೆಂಬರ್ ಮುಗಿಯುವ ಮೊದಲೇ ಅಲ್ಲಿಂದ ಹೊರಬಿದ್ದೆ. ನಾನು ಮಲ್ಪೆಯವಳು, ಮಂಗಳೂರಿನಲ್ಲಿ ಫಿಸಿಯೊಥೆರಪಿ ಓದಿದವಳು. ಕೋವಿಡ್ ಕಳೆದು ಎರಡು ವರ್ಷವಾಗಿದ್ದರೂ ಇಲ್ಲಿಯ ನರ್ಸಿಂಗ್ ಹೋಮ್‌ಗಳಿಗೆ ಕೆಲಸದವರು ಸಿಗುತ್ತಿರಲಿಲ್ಲ. ನನ್ನನ್ನು ಕರೆಸಿಕೊಂಡಿದ್ದ ಏಜೆನ್ಸಿಯವರು ಆ ದ್ವೀಪಕ್ಕೆ ಹೋಗು ಎಂದರು. ವೀಸಾ ಮಾಡಿಸಿಕೊಟ್ಟವರು ಅವರೇ ಆದ್ದರಿಂದ ಒಲ್ಲೆ ಎನ್ನುವ ಹಾಗಿರಲಿಲ್ಲ. ಮೈಸೂರಿನವನಾದ ಹರೀಶ ಷಾರ್ಲೆಟ್‌ನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ವಾರ ಬಿಟ್ಟು ವಾರ ಬರುತ್ತಿದ್ದ. ಉಳಿದ ದಿನ ನಾನು ಒಂದು ಹಳೆಯ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಒಬ್ಬಳೇ ಇರುತ್ತಿದ್ದೆ.

ದ್ವೀಪದ ಸಮುದ್ರದ ಕಡೆ ರಜೆಗೆ ಬರುವವರ ದೊಡ್ಡ ದೊಡ್ಡ ಮನೆಗಳು. ಜವುಗಿನ ಕಡೆ ಕರಿಯರ ಹಳೆಯ ಮನೆಗಳು. ಅವರ ಮುತ್ತಜ್ಜಂದಿರು ಗುಲಾಮರಾಗಿ ಹತ್ತಿ ಬೆಳೆದ ನೆಲದಲ್ಲೇ ಬಿಡುಗಡೆಯಾದ ಮೇಲೆ ಅಷ್ಟಿಷ್ಟು ಜಾಗ ಹಿಡಿದು ಕಟ್ಟಿದ ಮನೆಗಳವು. ನಮ್ಮ ನರ್ಸಿಂಗ್ ಹೋಮ್ ಇದ್ದದ್ದೂ ಆ ಕಡೆಗೇ. ಒಂದೇ ಅಂತಸ್ತು, ಅರವತ್ತು ಹಾಸಿಗೆ. ಅಂಗಳದಿಂದ ಕಲ್ಲೆಸೆದರೆ ಜವುಗಿಗೆ ಬೀಳುವಷ್ಟು ಹತ್ತಿರ.

ಸೆಕೆ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಮಲ್ಪೆಯಲ್ಲಿ ಏಪ್ರಿಲ್, ಮೇ ಬೇಯಿಸುತ್ತದೆ, ಜೂನ್ ಬಂದರೆ ಮಳೆ ಬಂದು ಬಿಡಿಸುತ್ತದೆ. ಇಲ್ಲಿ ಜೂನ್‌ನಲ್ಲಿ ಶುರುವಾಗುತ್ತದೆ. ಆಮೇಲೆ ಬಿಡಿಸಲು ಯಾರೂ ಬರುವುದಿಲ್ಲ. ಬೆಳಿಗ್ಗೆ ಏಳಕ್ಕೆ ಕಾರಿನಿಂದ ಇಳಿದ ಕೂಡಲೇ ಕನ್ನಡಕ ಮಂಜಾಗುತ್ತಿತ್ತು. ಗಾಳಿ ಒಂದು ಎಲೆಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಓಕ್ ಮರಗಳಿಂದ ಜೋತುಬಿದ್ದ ಬೂದುಬಣ್ಣದ ಪಾಚಿ ಒದ್ದೆ ಬಟ್ಟೆ ಹರವಿದಂತೆ ಸುಮ್ಮನೆ ನೇತಾಡುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಗುಡುಗು, ಹತ್ತು ನಿಮಿಷ ಮಳೆ, ಮತ್ತೆ ಬಿಸಿಲು. ಮಳೆ ಬಿದ್ದ ರಸ್ತೆಯಿಂದ ಹಬೆ ಏಳುತ್ತಿತ್ತು. ಹೊರಗೆ ಕೂರಿಸಿ ಎಂದು ಕೇಳುತ್ತಿದ್ದ ಮುದುಕರು ಜುಲೈ ಬರುವಷ್ಟರಲ್ಲಿ ಕೇಳುವುದನ್ನೇ ಬಿಟ್ಟರು.

ಮಿಸ್ ಎಡ್ನಾ ನನ್ನ ಪಾಲಿಗೆ ಬಂದದ್ದು ಎರಡನೇ ವಾರದಲ್ಲಿ. ಎಪ್ಪತ್ತೆಂಟು ವರ್ಷ. ಏಪ್ರಿಲ್‌ನಲ್ಲಿ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಎರಡೂ ಸೋತಿದ್ದವು. ಆ ಕಡೆ ವಯಸ್ಸಾದ ಹೆಂಗಸರ ಹೆಸರಿನ ಮುಂದೆ ಮಿಸ್ ಸೇರಿಸಿಯೇ ಕರೆಯಬೇಕು. ನಮ್ಮಲ್ಲಿ ಅಮ್ಮ ಸೇರಿಸಿದಂತೆ. ಮೊದಲ ಮೂರು ದಿನ ಅವರು ನನ್ನ ಜೊತೆ ಮಾತಾಡಲೇ ಇಲ್ಲ. ಏಳಿ ಎಂದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ನಾಲ್ಕನೇ ದಿನ ಅವರ ಸೋತ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಬೆರಳು ಬಿಡಿಸುತ್ತಿದ್ದೆ. ಹೆಬ್ಬೆರಳ ಬದಿಯಲ್ಲಿ ಸಣ್ಣ ಸಣ್ಣ ಬಿಳಿಯ ಗೆರೆಗಳು, ಉಗುರಿನ ಬುಡದಲ್ಲಿ ಗಟ್ಟಿಯಾದ ಚರ್ಮ. ನನಗೆ ಆ ಹೆಬ್ಬೆರಳು ಗೊತ್ತಿತ್ತು. ನನ್ನಮ್ಮ ಮಲ್ಪೆ ಬಂದರಿನ ಶೆಡ್ಡಿನಲ್ಲಿ ಮಂಜುಗಡ್ಡೆಯ ರಾಶಿಯ ಮುಂದೆ ಕೂತು ಇಪ್ಪತ್ತೈದು ವರ್ಷ ಸಿಗಡಿ ಸುಲಿದವಳು. ನೀವು ಸಿಗಡಿಯ ಕೆಲಸ ಮಾಡುತ್ತಿದ್ದಿರಾ ಎಂದು ಕೇಳಿದೆ.

ಮಿಸ್ ಎಡ್ನಾ ಮೊದಲ ಸಲ ನನ್ನ ಮುಖ ನೋಡಿದರು. ಹನ್ನೊಂದನೇ ವಯಸ್ಸಿನಿಂದ ಅದೇ ಕೆಲಸ ಎಂದರು. ದೋಣಿ ಬಂದು ನಿಂತರೆ ಧಕ್ಕೆಯ ಮೇಲೆ ಸಾಲಾಗಿ ನಿಂತು ಸಿಗಡಿಯ ತಲೆ ಮುರಿಯಬೇಕು, ಕೈ ಪಳಗಿದವರು ಎರಡೂ ಕೈಯಲ್ಲಿ ಒಟ್ಟಿಗೆ ಮುರಿಯುತ್ತಾರೆ ಎಂದರು. ನಾನು ನನ್ನಮ್ಮನ ವಿಷಯ ಹೇಳಿದೆ. ಅವರು ಕೇಳಿದರು.

"ನಿಮ್ಮಮ್ಮ ಒಂದು ಕೈಲೋ, ಎರಡು ಕೈಲೋ?"

"ಎರಡು ಕೈಲೂ," ಎಂದೆ.

"ಸರಿ ಹಾಗಾದ್ರೆ, ನಿಲ್ಲಿಸು ನನ್ನ," ಎಂದರು.

ಅವರಿಗೆ ಬೇಕಾಗಿದ್ದದ್ದು ಒಂದೇ, ಮನೆಗೆ ಹೋಗುವುದು. ನರ್ಸಿಂಗ್ ಹೋಮ್‌ನಿಂದ ಎರಡು ಮೈಲಿ ದೂರದಲ್ಲಿ ಅವರದೇ ಮನೆಯಿತ್ತು. ತಮ್ಮನ ಮಗಳು ಡೆನೀಸ್ ಅಲ್ಲೇ ಅವರ ಜೊತೆ ಇದ್ದವಳು, ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಮಿಸ್ ಎಡ್ನಾ ತಾವೇ ಹಾಸಿಗೆಯಿಂದ ಏಳಬೇಕು, ವಾಕರ್ ಹಿಡಿದು ಬಚ್ಚಲವರೆಗೆ ಹೋಗಿ ಬರಬೇಕು. ಮತ್ತೆ ಮನೆಯ ಮುಂದೆ ನಾಲ್ಕು ಮೆಟ್ಟಿಲು. ನೀರು ಬರುವ ಊರಾದ್ದರಿಂದ ಅಲ್ಲಿಯ ಮನೆಗಳೆಲ್ಲ ಗಿಡ್ಡ ಕಂಬಗಳ ಮೇಲೆ ನಿಂತಿರುತ್ತವೆ. ಹಿಡಿದುಕೊಳ್ಳಲು ಕಂಬಿ ಎಡಗಡೆ ಮಾತ್ರ. ಈ ಮೂರೂ ಆದ ದಿನ ನಾನು ಕಾಗದಕ್ಕೆ ಸಹಿ ಹಾಕುವುದು, ಡಾಕ್ಟರು ಹಾಕುವುದು, ಡೆನೀಸ್ ಕರೆದುಕೊಂಡು ಹೋಗುವುದು ಎಂದು ಮಾತಾಯಿತು.

ಜೂನ್, ಜುಲೈ ಹೀಗೆ ಕಳೆದವು. ನಮ್ಮ ಥೆರಪಿ ಕೋಣೆಯ ಮೂಲೆಯಲ್ಲಿ ಮರದ ಮೆಟ್ಟಿಲುಗಳಿದ್ದವು. ಈ ಕಡೆಯಿಂದ ನಾಲ್ಕು ಹತ್ತಿ ಆ ಕಡೆಯಿಂದ ನಾಲ್ಕು ಇಳಿಯುವುದು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು ಎಂದು ಹೇಳಿಕೊಟ್ಟೆ. ಅವರ ಸೊಂಟಕ್ಕೆ ಅಗಲದ ಪಟ್ಟಿ ಕಟ್ಟಿ ಹಿಂದಿನಿಂದ ಹಿಡಿದುಕೊಂಡಿರುತ್ತಿದ್ದೆ. ಕೋಣೆಯ ಎಸಿ ವಾರದಲ್ಲಿ ಎರಡು ದಿನ ಕೆಡುತ್ತಿತ್ತು. ಇಬ್ಬರೂ ಬೆವರಿನಲ್ಲಿ ತೊಯ್ದು ಹೋಗುತ್ತಿದ್ದೆವು. ಒಂದು ಮೆಟ್ಟಿಲಿಗೆ ಮೂರು ವಾರ ಹಿಡಿಯಿತು. ಎರಡನೆಯದಕ್ಕೆ ಎರಡು ವಾರ. ಹುಷಾರಾದ ಮೇಲೆ ತಮ್ಮ ಅಡುಗೆಮನೆಯಲ್ಲಿ ಕೂತು ನನಗೆ ಏಡಿಯ ಅನ್ನ ಮಾಡಿ ಹಾಕುವುದಾಗಿ ಹೇಳುತ್ತಿದ್ದರು. ನಾನು ಮನಸ್ಸಿನಲ್ಲೇ ಆ ಅಡುಗೆಮನೆಯನ್ನು ನೋಡಿಬಿಟ್ಟಿದ್ದೆ.

ಇದರ ನಡುವೆ ಜೂನ್ ಕೊನೆಯಲ್ಲಿ ಒಂದು ಘಟನೆ ಆಯಿತು. ನಾನು ನಡೆಯಬಲ್ಲರು ಎಂದು ಬರೆದು ಮನೆಗೆ ಕಳಿಸಿದ್ದ ಒಬ್ಬ ಹಿರಿಯರು ಎರಡನೇ ದಿನವೇ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಯಾರೂ ನನ್ನನ್ನು ಬೈಯಲಿಲ್ಲ. ಆದರೆ ನರ್ಸಿಂಗ್ ಹೋಮ್ ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕಿ ನನ್ನ ಟಿಪ್ಪಣಿಗಳನ್ನು ತರಿಸಿಕೊಂಡು ಒಂದೊಂದೇ ಹಾಳೆ ತಿರುವಿ ಓದಿದರು. ಆಮೇಲೆ ನನ್ನ ಕೈ ಸಹಿಗೆ ಮೊದಲಿನ ಹಾಗೆ ಹೋಗುತ್ತಿರಲಿಲ್ಲ.

ಆಗಸ್ಟ್ ಮೊದಲ ವಾರದಲ್ಲಿ ಮೊದಲ ತೂಫಾನಿನ ಸುದ್ದಿ ಬಂತು. ನಮ್ಮ ಕಡೆ ಕಡಲಿನವರೆಲ್ಲ ತೂಫಾನು ಅಂತಲೇ ಅನ್ನುವುದು. ಊಟದ ಹಾಲಿನ ಟಿವಿಯಲ್ಲಿ ಇಡೀ ದಿನ ಭೂಪಟ ಹಾಕಿರುತ್ತಿದ್ದರು. ಆಫ್ರಿಕದ ಕಡೆಯಿಂದ ಹೊರಟ ಒಂದು ಬಿಳಿಯ ಸುಳಿ ಕೆರಿಬಿಯನ್ನಿನ ದ್ವೀಪಗಳ ಮೇಲೆ ಒಂದೊಂದಾಗಿ ಹಾಯ್ದು ನಮ್ಮ ಕಡೆ ಬರುತ್ತಿತ್ತು. ಮಿಸ್ ಎಡ್ನಾ ಅವರಿಗೆ ಸ್ನಾನ ಮಾಡಿಸುತ್ತಿದ್ದ ಸಹಾಯಕಿ ಮಾರ್ಸಿಯಾ ಆ ದ್ವೀಪಗಳಲ್ಲಿ ಒಂದರವಳು. ಟಿವಿಯವರಿಗೆ ಅದು ಭೂಪಟದ ಮೇಲೊಂದು ಚುಕ್ಕೆ. ಅವರು ಅದರ ಹೆಸರನ್ನೂ ಹೇಳಲಿಲ್ಲ. ಸುಳಿ ಆ ಚುಕ್ಕೆಯ ಮೇಲೆ ಕೂತ ಮೂರು ದಿನ ಮಾರ್ಸಿಯಾ ಊಟದ ತಟ್ಟೆಗಳನ್ನು ಹಂಚುತ್ತಲೇ ಫೋನ್ ಕಿವಿಗಿಟ್ಟುಕೊಂಡು ತನ್ನ ತಾಯಿಗೆ ಕರೆ ಮಾಡುತ್ತಿದ್ದಳು. ಆ ಕಡೆಯಿಂದ ಸದ್ದೇ ಇರಲಿಲ್ಲ. ನಾಲ್ಕನೇ ದಿನ ತಾಯಿ ಬದುಕಿದ್ದಾಳೆ, ಮನೆಯ ಮಾಡು ಹಾರಿಹೋಗಿದೆ ಎಂದು ಗೊತ್ತಾಯಿತು. ಅದೇ ದಿನ ನಮ್ಮ ದ್ವೀಪವನ್ನು ಖಾಲಿ ಮಾಡಬೇಕೆಂದು ಆದೇಶ ಬಂತು.

ಅರವತ್ತು ಮುದುಕರನ್ನು ಬಸ್ಸಿಗೆ ಹತ್ತಿಸುವುದೆಂದರೆ ಏನೆಂದು ನಾನು ಅಂದು ಕಂಡೆ. ಒಂದೇ ಸೇತುವೆ, ದ್ವೀಪದ ಕಾರುಗಳೆಲ್ಲ ಅದರ ಮೇಲೆ. ಎರಡೂವರೆ ಗಂಟೆಯಲ್ಲಿ ಮುಗಿಯಬೇಕಾದ ದಾರಿ ಎಂಟು ಗಂಟೆ ಹಿಡಿಯಿತು. ಅರ್ಧ ದಾರಿಯಲ್ಲಿ ಬಸ್ಸಿನ ಎಸಿ ನಿಂತುಹೋಯಿತು. ಕಿಟಕಿಗಳು ತೆಗೆಯಲು ಬರುವಂಥವಲ್ಲ. ನಾನೂ ಮಾರ್ಸಿಯಾಳೂ ಒದ್ದೆ ಬಟ್ಟೆ ಹಿಡಿದುಕೊಂಡು ಸೀಟಿನಿಂದ ಸೀಟಿಗೆ ಹೋಗಿ ಹಣೆ, ಕುತ್ತಿಗೆ ಒರೆಸುತ್ತಿದ್ದೆವು. ಮಿಸ್ ಎಡ್ನಾ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದವರು ಒಂದು ಹಂತದಲ್ಲಿ ಅದನ್ನೂ ನಿಲ್ಲಿಸಿದರು. ಒಳನಾಡಿನ ಒಂದು ಚರ್ಚಿನ ಹಾಲಿನಲ್ಲಿ ನೆಲದ ಮೇಲೆ ಹಾಸಿದ ಹಾಸಿಗೆಗಳಲ್ಲಿ ಐದು ದಿನ ಕಳೆದೆವು. ತೂಫಾನು ಕೊನೆಯ ಗಳಿಗೆಯಲ್ಲಿ ಸಮುದ್ರದ ಕಡೆ ತಿರುಗಿಕೊಂಡು ಹೋಯಿತು. ನಮ್ಮ ದ್ವೀಪದ ಮೇಲೆ ನಾಲ್ಕು ಹನಿ ಬಿತ್ತಷ್ಟೆ.

ಹೋದ ಅರವತ್ತು ಮುದುಕರಲ್ಲಿ ಐವತ್ತೆಂಟು ಜನ ವಾಪಸು ಬಂದರು. ತೂಫಾನಿನಿಂದ ಕರಾವಳಿಯಲ್ಲಿ ಯಾರ ಪ್ರಾಣಕ್ಕೂ ಹಾನಿಯಾಗಿಲ್ಲ ಎಂದು ಟಿವಿಯಲ್ಲಿ ಹೇಳಿದರು.

ಮಿಸ್ ಎಡ್ನಾ ವಾಪಸು ಬಂದಾಗ ಎದ್ದು ಕೂರಲೂ ಇಬ್ಬರು ಬೇಕಿತ್ತು. ಮೂರು ತಿಂಗಳ ಕೆಲಸ ಐದು ದಿನದಲ್ಲಿ ನೀರಿನಲ್ಲಿ ಹೋಮವಾಗಿತ್ತು. ಇನ್ನು ಮೇಲೆ ಆ ಬಸ್ಸಿಗೆ ನನ್ನನ್ನು ಹತ್ತಿಸಬೇಡ, ನೀರಲ್ಲಿ ಮುಳುಗಿದರೂ ಇಲ್ಲೇ ಮುಳುಗುತ್ತೇನೆ ಎಂದರು. ನಾನು ಹೂಂಗುಟ್ಟಿದೆ. ಮರುದಿನದಿಂದ ಮತ್ತೆ ಮೊದಲಿನಿಂದ ಶುರು ಮಾಡಿದೆವು. ಆಗಸ್ಟ್ ತಿಂಗಳ ಆ ಸೆಕೆಯಲ್ಲಿ ಅವರು ಹಲ್ಲು ಕಚ್ಚಿ ಮಾಡಿದ ಕೆಲಸವನ್ನು ನಾನು ಇಪ್ಪತ್ತು ವರ್ಷದ ಆಟಗಾರರಲ್ಲೂ ಕಂಡಿಲ್ಲ. ಬೆಳಿಗ್ಗೆ ನನ್ನ ಜೊತೆ ಮಾಡಿದ್ದು ಸಾಲದೆಂದು ಮಧ್ಯಾಹ್ನ ಮಾರ್ಸಿಯಾಳನ್ನು ಕರೆದು ಹಾಸಿಗೆಯ ಅಂಚಿನಲ್ಲಿ ಏಳುವುದು, ಕೂರುವುದು ಮಾಡುತ್ತಿದ್ದರಂತೆ.

ಸೆಪ್ಟೆಂಬರ್ ಮಧ್ಯದ ಒಂದು ಗುರುವಾರ. ಡೆನೀಸ್ ಕೆಲಸಕ್ಕೆ ರಜೆ ಹಾಕಿ ಬಂದಿದ್ದಳು. ಮಿಸ್ ಎಡ್ನಾ ಎಡಗೈಯಲ್ಲಿ ಕಂಬಿ ಹಿಡಿದರು. ಒಂದು, ಎರಡು, ಮೂರು. ನಾಲ್ಕನೆಯದರ ಮೇಲೆ ಗಟ್ಟಿ ಕಾಲು ಇಟ್ಟು ಸೋತ ಕಾಲನ್ನು ಎಳೆದುಕೊಂಡು ಮೇಲೆ ನಿಂತರು. ನಿಂತ ಮೇಲೆ ಬಲಮಂಡಿ ಒಂದು ಕ್ಷಣ ಒಳಗೆ ಮಡಚಿದಂತಾಯಿತು. ನಾನು ಪಟ್ಟಿ ಬಿಗಿಹಿಡಿದೆ. ಅವರು ತಾವೇ ಸರಿ ಮಾಡಿಕೊಂಡರು. ಡೆನೀಸ್ ಅದನ್ನು ನೋಡಿರಲಿಲ್ಲ, ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಇಳಿದು ಬಂದು ಕುರ್ಚಿಯಲ್ಲಿ ಕೂತ ಮೇಲೆ ಮಿಸ್ ಎಡ್ನಾ ಏದುಸಿರು ಬಿಡುತ್ತಲೇ ನನ್ನ ಕಡೆ ನೋಡಿದರು.

"ಕಾಗದ ತಾ, ಮಗಳೇ," ಎಂದರು.

ಡೆನೀಸ್ ಕೂಡ ಕೇಳಿದಳು. ಡಾಕ್ಟರು ಅಂದು ಸಂಜೆಯವರೆಗೆ ಅಲ್ಲೇ ಇದ್ದರು. ಶನಿವಾರ, ಭಾನುವಾರ ತಾನು ಮನೆಯಲ್ಲೇ ಇರುತ್ತೇನೆ, ಸೋಮವಾರವೂ ರಜೆ ಕೇಳುತ್ತೇನೆ ಎಂದಳು. ನಾನು ಊಟ ಮುಗಿಸಿ ಹೇಳುತ್ತೇನೆಂದು ಹೇಳಿ ಹೊರಗೆ ಬಂದು ಕಾರಿನಲ್ಲಿ ಕೂತೆ. ಹರೀಶನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಮಂಡಿ ಮಡಚಿದ್ದನ್ನೂ ಹೇಳಿದೆ.

"ನೀನು ಡೌಟ್‌ನಲ್ಲಿದ್ದೀಯ ಅಂದ್ರೆ ಸೈನ್ ಮಾಡ್ಬೇಡ ಕಣೇ," ಎಂದ. "ಜೂನ್‌ನಲ್ಲಿ ಆಗಿದ್ದು ಇನ್ನೊಂದ್ಸಲ ಆದ್ರೆ ನಿನ್ನ ಲೈಸೆನ್ಸ್‌ಗೂ ಕಷ್ಟ, ವೀಸಾಗೂ ಕಷ್ಟ. ಇನ್ನೊಂದ್ ವಾರ ತಾನೇ? ವೆಯ್ಟ್ ಮಾಡಿಸು."

ಅವನು ಹೇಳಿದ ಅಂತ ನಾನು ಮಾಡಲಿಲ್ಲ. ನಾನು ಆಗಲೇ ತೀರ್ಮಾನ ಮಾಡಿಕೊಂಡೇ ಫೋನ್ ಮಾಡಿದ್ದೆ. ಇನ್ನೊಬ್ಬರ ಬಾಯಿಂದ ಕೇಳಬೇಕಾಗಿತ್ತು ಅಷ್ಟೆ. ಒಳಗೆ ಹೋಗಿ ಇನ್ನೊಂದು ವಾರ ಬೇಕು ಎಂದೆ. ಮಂಡಿ ಇನ್ನೂ ಗಟ್ಟಿಯಾಗಬೇಕು, ಮುಂದಿನ ಗುರುವಾರ ಖಂಡಿತ ಎಂದೆ. ಡೆನೀಸ್ ವಾದ ಮಾಡಲಿಲ್ಲ, ನಿನಗೆ ಗೊತ್ತಿರುತ್ತದೆ ಎಂದಳು. ಮಿಸ್ ಎಡ್ನಾ ತಮ್ಮ ಸೋತ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು.

ಶುಕ್ರವಾರ ಟಿವಿಯ ಭೂಪಟದಲ್ಲಿ ಇನ್ನೊಂದು ಸುಳಿ ಕಾಣಿಸಿತು. ಇದು ದೂರದಿಂದ ಬಂದದ್ದಲ್ಲ, ಇಲ್ಲೇ ದಕ್ಷಿಣದ ಬಿಸಿನೀರಿನ ಮೇಲೆ ಎರಡು ದಿನದಲ್ಲಿ ಕಟ್ಟಿಕೊಂಡದ್ದು. ಶನಿವಾರ ಸಂಜೆ ನಾನು ಸಮುದ್ರದ ಕಡೆ ಹೋಗಿ ನಿಂತೆ. ಗಾಳಿ ಇರಲಿಲ್ಲ, ಆದರೆ ಅಲೆಗಳು ಉದ್ದುದ್ದಕ್ಕೆ, ಬಿಡುವು ಬಿಟ್ಟು ಬಿಟ್ಟು ಬಂದು ಬಡಿಯುತ್ತಿದ್ದವು. ಮಲ್ಪೆಯಲ್ಲಿ ಅಂಥ ಅಲೆ ನೋಡಿದರೆ ನನ್ನ ತಂದೆ ದೋಣಿಯನ್ನು ಮೇಲಕ್ಕೆ ಎಳೆದು ಹಾಕಿಸುತ್ತಿದ್ದರು. ಇದು ತಿರುಗಿಕೊಂಡು ಹೋಗುವುದಿಲ್ಲ ಎಂದು ನನಗೆ ಗೊತ್ತಾಯಿತು.

ಭಾನುವಾರ ಮಧ್ಯಾಹ್ನ ಆದೇಶ ಬಂತು. ಡೆನೀಸ್ ಕಾರು ತೆಗೆದುಕೊಂಡು ನೇರ ನರ್ಸಿಂಗ್ ಹೋಮ್‌ಗೇ ಬಂದಳು. ತಾನು ಒಳನಾಡಿನ ಕೊಲಂಬಿಯಾ ಊರಿನಲ್ಲಿರುವ ತಂಗಿಯ ಮನೆಗೆ ಹೋಗುತ್ತಿದ್ದೇನೆ, ಅತ್ತೆಯನ್ನೂ ಕರೆದುಕೊಂಡು ಹೋಗುತ್ತೇನೆ ಎಂದಳು. ಮೇಲ್ವಿಚಾರಕಿ ತಾಳ್ಮೆಯಿಂದಲೇ ಹೇಳಿದರು: ಬಿಡುಗಡೆಯ ಕಾಗದವಿಲ್ಲದೆ ಯಾರನ್ನೂ ಕಳಿಸುವಂತಿಲ್ಲ, ಕಾಗದಕ್ಕೆ ಡಾಕ್ಟರ ಸಹಿ ಬೇಕು, ಡಾಕ್ಟರು ಬೆಳಿಗ್ಗೆಯೇ ದ್ವೀಪ ಬಿಟ್ಟು ಹೋಗಿದ್ದಾರೆ, ಫೋನಿಗೆ ಸಿಗುತ್ತಿಲ್ಲ. ನಾನು ಈಗ ಸಹಿ ಹಾಕುತ್ತೇನೆ ಎಂದೆ. ನಿನ್ನ ಒಂದು ಸಹಿಯಿಂದ ಈಗ ಪ್ರಯೋಜನವಿಲ್ಲ ಎಂದರು. ಡೆನೀಸ್ ನನ್ನ ಕಡೆ ನೋಡಲಿಲ್ಲ. ಅತ್ತೆಯ ಹಣೆಗೆ ಮುತ್ತು ಕೊಟ್ಟು, ಅವರ ಕನ್ನಡಕದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೊರಟುಹೋದಳು.

ಸೋಮವಾರ ಬೆಳಿಗ್ಗೆ ಬಸ್ಸು ಬಂದಾಗ ಮಿಸ್ ಎಡ್ನಾ ಹಾಸಿಗೆಯ ಕಂಬಿಯನ್ನು ಎಡಗೈಯಲ್ಲಿ ಹಿಡಿದುಕೊಂಡುಬಿಟ್ಟಿದ್ದರು. ಮಾರ್ಸಿಯಾ ಬೆರಳು ಬಿಡಿಸಲು ನೋಡಿ ಸೋತು ನನ್ನನ್ನು ಕರೆದಳು. ನೀನು ಹೇಳಿದರೆ ಅವರು ಕೇಳುತ್ತಾರೆ ಎಂದು ಮೇಲ್ವಿಚಾರಕಿಯೂ ಹೇಳಿದರು. ನಾನು ಹಾಸಿಗೆಯ ಪಕ್ಕದಲ್ಲಿ ಮಂಡಿಯೂರಿ ಕೂತೆ.

"ಹತ್ತು ದಿನ, ಮಿಸ್ ಎಡ್ನಾ. ನಾನೇ ನಿಮ್ಮನ್ನ ವಾಪಸು ಕರ್ಕೊಂಡು ಬರ್ತೀನಿ. ಇಲ್ಲಿಗಲ್ಲ, ನಿಮ್ಮ ಮನೆಗೆ."

ಅವರು ನನ್ನ ಕಡೆ ತಿರುಗಿದರು.

"ನೀನು ಬರ್ತೀಯಾ?"

"ನಾನೇ ಬರ್ತೀನಿ."

ಅವರ ಬೆರಳುಗಳನ್ನು ನಾನು ಬಿಡಿಸಬೇಕಾಗಲಿಲ್ಲ. ಅವರೇ ಬಿಟ್ಟರು.

ಈ ಸಲ ಬಸ್ಸು ಐದು ಗಂಟೆಯಲ್ಲಿ ಮುಟ್ಟಿತು, ಎಸಿಯೂ ನಡೆಯುತ್ತಿತ್ತು. ಅದೇ ಚರ್ಚಿನ ಹಾಲು, ಅದೇ ನೆಲದ ಹಾಸಿಗೆ. ಮಂಗಳವಾರ ಇಡೀ ದಿನ ಅಲ್ಲಿಯೂ ಮಳೆ ಹೊಯ್ಯಿತು, ಕರೆಂಟು ಹೋಯಿತು. ಬುಧವಾರ ಬಿಸಿಲು ಬಂತು. ಕರೆಂಟಿಲ್ಲದ ಹಾಲಿನಲ್ಲಿ ಮಧ್ಯಾಹ್ನದ ಸೆಕೆಗೆ ಗೋಡೆಗಳೇ ಬೆವರುತ್ತಿದ್ದವು. ಮಿಸ್ ಎಡ್ನಾ ಗುರುವಾರ ಜ್ವರ ಬಂದು ಮಲಗಿದರು. ಶುಕ್ರವಾರ ನನ್ನನ್ನು ಗುರುತಿಸಲಿಲ್ಲ, ಧಕ್ಕೆಯ ಮೇಲೆ ತಮ್ಮ ಜೊತೆ ಕೆಲಸ ಮಾಡುತ್ತಿದ್ದ ಯಾರದೋ ಹೆಸರು ಹಿಡಿದು ಕರೆದರು. ಆಂಬುಲೆನ್ಸಿನಲ್ಲಿ ಅವರನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಿದರು. ಜೊತೆಗೆ ಹೋಗಲು ನನ್ನನ್ನು ಬಿಡಲಿಲ್ಲ, ಹಾಲಿನಲ್ಲಿ ಇನ್ನೂ ಐವತ್ತು ಜನ ಇದ್ದರು.

ದ್ವೀಪದ ಸುದ್ದಿ ತಿಳಿದದ್ದು ವಾರದ ಕೊನೆಗೆ. ಜವುಗು ಉಕ್ಕಿ ನರ್ಸಿಂಗ್ ಹೋಮ್‌ನೊಳಗೆ ಮಂಡಿಯ ಮೇಲೆ ನೀರು ನಿಂತಿತ್ತು. ಅಲ್ಲೇ ಬಿಟ್ಟಿದ್ದರೆ ಯಾರೂ ಉಳಿಯುತ್ತಿರಲಿಲ್ಲ. ಬಸ್ಸಿಗೆ ಹತ್ತಿಸಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಕಟ್ಟಡವನ್ನು ಮತ್ತೆ ತೆರೆಯುವುದಿಲ್ಲ ಎಂದು ಮಾಲೀಕರು ತಿಳಿಸಿದರು. ಅಲ್ಲಿದ್ದವರನ್ನು ಹಾಸಿಗೆ ಖಾಲಿ ಇದ್ದ ಕಡೆಗೆಲ್ಲ ಚದುರಿಸಿದರು. ನನಗೆ ಏಜೆನ್ಸಿಯವರು ಷಾರ್ಲೆಟ್‌ನಲ್ಲೇ ಕೆಲಸ ಕೊಟ್ಟರು. ಐದು ತಿಂಗಳಿಂದ ನಾನು ಬಯಸಿದ್ದು ಅದೇ. ಹರೀಶ ಅಂದು ಸಂಜೆ ಹೊರಗೆ ಊಟಕ್ಕೆ ಹೋಗೋಣ ಎಂದ. ನಾನು ಒಲ್ಲೆ ಎಂದೆ.

ನನ್ನ ಸಾಮಾನು ತರಲು ಅಕ್ಟೋಬರ್ ಮೊದಲ ವಾರದಲ್ಲಿ ಒಮ್ಮೆ ದ್ವೀಪಕ್ಕೆ ಹೋದೆವು. ನಾನಿದ್ದ ಹಳೆಯ ಮನೆಯ ಹಿಂಬದಿ ಕುಸಿದಿತ್ತು. ವಾಪಸು ಬರುವಾಗ ಡೆನೀಸ್ ಕೊಟ್ಟಿದ್ದ ವಿಳಾಸ ಹುಡುಕಿಕೊಂಡು ಹೋದೆ. ಮಿಸ್ ಎಡ್ನಾ ಅವರ ಮನೆ ನಿಂತಿತ್ತು. ನೀರು ಕಂಬಗಳ ನಡುವೆ ಬಂದು ಹೋಗಿತ್ತು, ಮೂರನೇ ಮೆಟ್ಟಿಲಿನವರೆಗೆ ಕೆಸರಿನ ಗುರುತು, ಅಷ್ಟೆ. ಒಳಗೆ ಒಂದು ಹನಿ ಹೋಗಿರಲಿಲ್ಲ ಎಂದು ಡೆನೀಸ್ ಹೇಳಿದಳು. ಕೊಲಂಬಿಯಾದಿಂದ ಆರನೇ ದಿನಕ್ಕೇ ವಾಪಸು ಬಂದು ಅತ್ತೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿ ತೆಗೆದಿದ್ದಳಂತೆ. ಒಳಗೆ ಬಾ ಎಂದು ಕರೆದಳು. ನಾನು ಮೆಟ್ಟಿಲು ಹತ್ತಲಿಲ್ಲ. ಹರೀಶ ಕಾಯುತ್ತಿದ್ದಾನೆ ಎಂದೆ.

ಮಿಸ್ ಎಡ್ನಾ ಅವರನ್ನು ನೋಡಿದ್ದು ನವೆಂಬರ್‌ನಲ್ಲಿ. ಆಸ್ಪತ್ರೆಯಿಂದ ಅವರನ್ನು ಷಾರ್ಲೆಟ್‌ನಿಂದ ಮೂರು ಗಂಟೆ ದಾರಿಯ ಒಂದು ಊರಿನ ನರ್ಸಿಂಗ್ ಹೋಮ್‌ಗೆ ಹಾಕಿದ್ದರು. ಅವರನ್ನು ಎತ್ತಲು ಇಬ್ಬರು ಬೇಕಾದ್ದರಿಂದ ಡೆನೀಸ್ ಮನೆಗೆ ಕರೆದುಕೊಂಡು ಹೋಗುವಂತಿರಲಿಲ್ಲ. ಅಷ್ಟು ದೂರ ಬರಲು ಅವಳಿಗೆ ತಿಂಗಳಿಗೊಮ್ಮೆ ಆಗುತ್ತಿತ್ತು. ಕೋಣೆ ಸ್ವಚ್ಛವಾಗಿತ್ತು. ಕಿಟಕಿಯಾಚೆ ಪಾರ್ಕಿಂಗ್ ಜಾಗ, ಅದರಾಚೆ ಪೈನ್ ಮರಗಳು. ಅಲ್ಲಿಯ ಥೆರಪಿಸ್ಟ್ ಒಳ್ಳೆಯ ಹುಡುಗಿ. ಈ ರೋಗಿ ಸಹಕರಿಸುವುದಿಲ್ಲ, ಆದ್ದರಿಂದ ಥೆರಪಿ ನಿಲ್ಲಿಸಿದ್ದೇವೆ ಎಂದಳು. ನಾನು ಅವಳ ಅನುಮತಿ ಕೇಳಿ ಮಿಸ್ ಎಡ್ನಾ ಅವರನ್ನು ಹಾಸಿಗೆಯ ಅಂಚಿಗೆ ಕೂರಿಸಿದೆ. ಮೈಯಲ್ಲಿ ತೂಕವೇ ಇರಲಿಲ್ಲ. ಸೊಂಟಕ್ಕೆ ಪಟ್ಟಿ ಕಟ್ಟಿದೆ. ಒಂದು ಸಲ ನಿಲ್ಲೋಣ, ನಾನು ಹಿಡಿದಿದ್ದೇನೆ ಎಂದೆ. ಅವರಿಗೆ ನನ್ನ ಗುರುತು ಚೆನ್ನಾಗಿಯೇ ಸಿಕ್ಕಿತ್ತು.

"ಎದ್ದು ಎಲ್ಲಿಗೆ ಹೋಗ್ಲಿ, ಮಗಳೇ?" ಎಂದರು.

ಕೋಪದಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು. ಹತ್ತು ದಿನದ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ಕ್ಷಮೆಯನ್ನಾದರೂ ಕೇಳಬಹುದಿತ್ತು. ನಾನು ಪಟ್ಟಿ ಬಿಚ್ಚಿ, ಕಾಲುಗಳನ್ನು ಎತ್ತಿ ಹಾಸಿಗೆಯ ಮೇಲಿಟ್ಟು, ಹೊದಿಕೆ ಎಳೆದೆ. ಅವರು ಗೋಡೆಯ ಕಡೆ ತಿರುಗಿಕೊಂಡರು.

ಫೆಬ್ರವರಿಯಲ್ಲಿ ಡೆನೀಸ್ ಫೋನ್ ಮಾಡಿದಳು. ಅತ್ತೆ ಬುಧವಾರ ಹೋದರು, ಶನಿವಾರ ದ್ವೀಪದಲ್ಲೇ ಮಣ್ಣು ಮಾಡುತ್ತೇವೆ, ಹನ್ನೊಂದಕ್ಕೆ ಚರ್ಚಿಗೆ ಬಾ ಎಂದಳು. ನಿನ್ನ ವಿಷಯ ಆಗಾಗ ಮಾತಾಡುತ್ತಿದ್ದರು ಎಂದೂ ಹೇಳಿದಳು. ಏನು ಮಾತಾಡುತ್ತಿದ್ದರು ಎಂದು ನಾನು ಕೇಳಲಿಲ್ಲ. ಹರೀಶ ಪಕ್ಕದಲ್ಲೇ ಇದ್ದ. ತಾನೇ ಡ್ರೈವ್ ಮಾಡುತ್ತೇನೆ, ಶುಕ್ರವಾರ ಸಂಜೆಯೇ ಹೊರಡೋಣ ಎಂದ. ಆಮೇಲೆ ಇನ್ನೂ ಹತ್ತಿರ ಬಂದು ಕೂತ.

"ನೀನೇನೂ ತಪ್ಪು ಮಾಡಿಲ್ಲ ಕಣೇ. ನಿನ್ನ ಜಾಗದಲ್ಲಿ ಯಾರಿದ್ರೂ ಅದನ್ನೇ ಮಾಡ್ತಿದ್ರು."

ಹೌದು ಎಂದೆ. ಅವನು ಹೇಳಿದ್ದು ನಿಜ. ಅದರಿಂದ ಏನೂ ಬದಲಾಗಲಿಲ್ಲ.

ಶುಕ್ರವಾರ ನನಗೆ ಮೈ ಸರಿಯಿಲ್ಲ ಎಂದೆ. ಶನಿವಾರ ಬೆಳಿಗ್ಗೆ ಕಪ್ಪು ಸಲ್ವಾರ್ ಇಸ್ತ್ರಿ ಮಾಡಿ ಹಾಕಿಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೆ. ಹರೀಶ ಎರಡು ಸಲ ಬಂದು ನೋಡಿ ಹೋದ. ಹನ್ನೊಂದಾಯಿತು, ಹನ್ನೆರಡೂ ಆಯಿತು. ಆಮೇಲೆ ಎದ್ದು ಬಟ್ಟೆ ಬದಲಿಸಿ ಅನ್ನಕ್ಕಿಟ್ಟೆ. ಡೆನೀಸ್ ಮತ್ತೆ ಫೋನ್ ಮಾಡಲಿಲ್ಲ. ನಾನೂ ಮಾಡಿಲ್ಲ.